ಡಕ್ಟ್ ಅಳತೆ: 600×300 ಸಾಕಾ?

ಓದುಗರೊಬ್ಬರ ಪ್ರಶ್ನೆ: ಸರ್, ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಎಸಿ ಮತ್ತು ವೆಂಟಿಲೇಷನ್ ಕೆಲಸ ಮಾಡುವ ಕಂಪನಿಯೊಂದರಲ್ಲಿ ಎರಡು ವರ್ಷದಿಂದ ಇದ್ದೇನೆ. ಈಗ ಮೊದಲ ಬಾರಿಗೆ ಡಕ್ಟ್ (ಗಾಳಿ ಸಾಗಿಸುವ ತಗಡಿನ ಕೊಳವೆ) ಅಳತೆ ಹಾಕುವ ಕೆಲಸ ನನಗೇ ಬಂದಿದೆ. 30 ಮೀಟರ್ ಉದ್ದ, 20 ಮೀಟರ್ ಅಗಲದ ಆಫೀಸ್ ಮಹಡಿ. ಸೆಕೆಂಡಿಗೆ 2000 ಲೀಟರ್ ಗಾಳಿ, 10 ಡಿಫ್ಯೂಸರ್ (ಸೀಲಿಂಗಿನಿಂದ ಗಾಳಿ ಹೊರಬರುವ ಬಾಯಿ). ಏಎಚ್‌ಯು (ಗಾಳಿ ತಂಪು ಮಾಡಿ ಫ್ಯಾನಿನಿಂದ ತಳ್ಳುವ ಯಂತ್ರ) ರೂಮು ಉದ್ದನೆಯ ಗೋಡೆಯ ನಡುವೆ ಇದೆ. ಬೀಮ್‌ನ ಕೆಳಗಿನಿಂದ ಫಾಲ್ಸ್ ಸೀಲಿಂಗ್‌ವರೆಗೆ 400 ಮಿ.ಮೀ. ಜಾಗ. ಒಂದೇ ಮುಖ್ಯ ಡಕ್ಟ್ ಎಡಕ್ಕೆ ಹೋಗಿ, ಮೂಲೆ ತಲುಪುವ ಮೊದಲೇ ತಿರುಗಿ, ನಡುವಿನಲ್ಲಿ ಬಲ ತುದಿಯ ಹತ್ತಿರದವರೆಗೆ ಬರುವ ಹಾಗೆ ಬರೆದಿದ್ದೇನೆ. ಒಟ್ಟು 40 ಮೀಟರ್, ಮೂರು ಬೆಂಡ್. 600×300 (ಅಗಲ, ಎತ್ತರ ಮಿ.ಮೀ.ನಲ್ಲಿ) ಸಾಕು ಅಂತ ಹಿರಿಯರೊಬ್ಬರು ಹೇಳಿದರು. ವೇಗ ನೋಡಿ ಅಳತೆ ಹಾಕಬೇಕಾ, ಘರ್ಷಣೆ ನೋಡಿ ಹಾಕಬೇಕಾ? ಹಿಂದಿನ ಕೆಲಸದಲ್ಲಿ ಮೊದಲ ಡಿಫ್ಯೂಸರ್‌ಗಳು ಶಿಳ್ಳೆ ಹೊಡೆಯುತ್ತಿದ್ದವು, ಕೊನೆಯವಕ್ಕೆ ಗಾಳಿಯೇ ಇರಲಿಲ್ಲ. ಅದು ಮತ್ತೆ ಆಗಬಾರದು.

ಉತ್ತರ:

ನಿಮ್ಮ ಹಿರಿಯರು ಹೇಳಿದ 600×300 ಒಳ್ಳೆಯ ಅಳತೆಯೇ. ಆದರೆ ಅದು 1000 ಲೀಟರ್‌ಗೆ ಒಳ್ಳೆಯದು, 2000 ಲೀಟರ್‌ಗೆ ಅಲ್ಲ. ಯಾಕೆ ಅಂತ ಲೆಕ್ಕ ಹಾಕಿಯೇ ನೋಡೋಣ. ನೀವು ಎಲ್ಲ ವಿವರ ಕೊಟ್ಟಿದ್ದೀರಿ, ಹಾಗಾಗಿ ನಿಮ್ಮ ಮಹಡಿಯನ್ನೇ ಇಟ್ಟುಕೊಂಡು ಹೋಗಬಹುದು.

ಮೊದಲು ಆ 2000 ಎಲ್ಲಿಂದ ಬಂತು ಅಂತ ಒಮ್ಮೆ ಕೇಳಿಕೊಳ್ಳಿ. ಇದನ್ನು ಬಹಳ ಜನ ಕೇಳುವುದೇ ಇಲ್ಲ. ಬರೀ ಹೊರಗಿನ ತಾಜಾ ಗಾಳಿಯ ಲೆಕ್ಕವಾದರೆ ಇಷ್ಟು ಬೇಕಾಗುವುದಿಲ್ಲ. ಅಮೆರಿಕದ ಎಸಿ ಎಂಜಿನಿಯರುಗಳ ಸಂಘ ಆಶ್ರೇಯ ವೆಂಟಿಲೇಷನ್ ಮಾನದಂಡ 62.1 ಪ್ರಕಾರ ಆಫೀಸಿಗೆ ಒಬ್ಬರಿಗೆ ಸೆಕೆಂಡಿಗೆ 2.5 ಲೀಟರ್, ಜೊತೆಗೆ ಪ್ರತಿ ಚದರ ಮೀಟರಿಗೆ 0.3 ಲೀಟರ್. ನಿಮ್ಮ 600 ಚದರ ಮೀಟರಿನಲ್ಲಿ 60 ಜನ ಕೂರುತ್ತಾರೆ ಅಂದುಕೊಂಡರೆ 150 ಮತ್ತು 180, ಒಟ್ಟು 330 ಲೀಟರ್ ಅಷ್ಟೇ. ಹಾಗಾದರೆ ನಿಮ್ಮ 2000 ತಂಪು ಮಾಡುವ ಗಾಳಿಯ ಲೆಕ್ಕ ಇರಬೇಕು. ಲೀಟರನ್ನು 1.2ರಿಂದ ಗುಣಿಸಿ, ರೂಮಿನ ಗಾಳಿಗೂ ಡಿಫ್ಯೂಸರ್ ಗಾಳಿಗೂ ಇರುವ ಉಷ್ಣಾಂಶದ ವ್ಯತ್ಯಾಸದಿಂದ ಗುಣಿಸಿದರೆ ವ್ಯಾಟ್ ಸಿಗುತ್ತದೆ. 10 ಡಿಗ್ರಿ ವ್ಯತ್ಯಾಸಕ್ಕೆ 24,000 ವ್ಯಾಟ್. ನಿಮ್ಮ ಹೀಟ್ ಲೋಡ್ ಹಾಳೆಯಲ್ಲಿ (ಎಷ್ಟು ಶಾಖ ತೆಗೆಯಬೇಕು ಅನ್ನುವ ಲೆಕ್ಕ) ಇದರ ಹತ್ತಿರದ ಸಂಖ್ಯೆ ಇದ್ದರೆ ಮುಂದೆ ಹೋಗಿ. ಇಲ್ಲದಿದ್ದರೆ ಡಕ್ಟ್ ಮುಟ್ಟಬೇಡಿ, ಲೋಡ್ ಹಾಳೆಗೆ ವಾಪಸ್ ಹೋಗಿ.

ಈಗ ನಿಮ್ಮ ಅಸಲಿ ಪ್ರಶ್ನೆ. ವೇಗವಾ, ಘರ್ಷಣೆಯಾ? ಎರಡೂ ಬೇಕು. ಆದರೆ ಎರಡೂ ಬೇರೆ ಬೇರೆ ಕೆಲಸಕ್ಕೆ. ಘರ್ಷಣೆ ಫ್ಯಾನಿನ ಮೇಲಿನ ಹೊರೆ ಹೇಳುತ್ತದೆ. ವೇಗ ಸದ್ದು ಎಷ್ಟಾಗುತ್ತದೆ ಅಂತ ಹೇಳುತ್ತದೆ. ನಾನು ಘರ್ಷಣೆಯಿಂದ ಅಳತೆ ತೆಗೆದು, ವೇಗದಿಂದ ಅದನ್ನು ಪರೀಕ್ಷೆ ಮಾಡುತ್ತೇನೆ. ಸಾಮಾನ್ಯ ಆಫೀಸಿಗೆ ಪ್ರತಿ ಮೀಟರ್ ನೇರ ಡಕ್ಟಿಗೆ 0.8ರಿಂದ 1 ಪಾಸ್ಕಲ್ (ಒತ್ತಡದ ಅಳತೆ) ನಷ್ಟ ಅಂತ ಇಟ್ಟುಕೊಳ್ಳುತ್ತೇನೆ. ಹಳೆಯ ಚಾರ್ಟುಗಳಲ್ಲಿ 100 ಅಡಿಗೆ 0.1 ಇಂಚು ನೀರು ಅಂತ ಇರುತ್ತದಲ್ಲ, ಅದು ಮೀಟರಿಗೆ ಸುಮಾರು 0.82 ಪಾಸ್ಕಲ್. ಅದೇ ಮಾತು, ಬೇರೆ ಅಳತೆಗೋಲು.

2000 ಲೀಟರ್ ಅಂದರೆ ಸೆಕೆಂಡಿಗೆ 2 ಘನ ಮೀಟರ್. ಇದನ್ನು 600×300ರಲ್ಲಿ, ಅಂದರೆ 0.18 ಚದರ ಮೀಟರಿನಲ್ಲಿ ತಳ್ಳಿದರೆ ವೇಗ 11.1 ಮೀಟರ್ ಆಗುತ್ತದೆ. ಘರ್ಷಣೆ ಮೀಟರಿಗೆ 3 ಪಾಸ್ಕಲ್ ದಾಟುತ್ತದೆ. ಇಟ್ಟುಕೊಳ್ಳಬೇಕಾದ್ದಕ್ಕಿಂತ ಮೂರು ಪಟ್ಟು. ಅದೇ 2 ಘನ ಮೀಟರಿಗೆ 1 ಪಾಸ್ಕಲ್ ಬೇಕು ಅಂದರೆ ದುಂಡು ಡಕ್ಟ್ ಆದರೆ 575 ಮಿ.ಮೀ. ವ್ಯಾಸ ಬೇಕು. ನಿಮಗೆ ಅಷ್ಟು ಎತ್ತರ ಇಲ್ಲ. 400ರಲ್ಲಿ ಮೇಲೆ ಕೆಳಗೆ 25ರಂತೆ ಇನ್ಸುಲೇಷನ್‌ಗೆ 50 ಹೋಯಿತು. ಫ್ಲ್ಯಾಂಜ್‌ಗೂ (ಡಕ್ಟ್ ತುಂಡುಗಳನ್ನು ಜೋಡಿಸುವ ಅಂಚು) ಕೆಳಗಿನ ಸಪೋರ್ಟ್ ಆಂಗಲ್‌ಗೂ ಇನ್ನೊಂದು 50. ಉಳಿದದ್ದು 300. ಆ ಎತ್ತರದಲ್ಲಿ 575ಕ್ಕೆ ಸಮನಾದ ಆಯತಾಕಾರದ ಡಕ್ಟ್ 1000×300.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹಿಡಿದುಕೊಳ್ಳಿ. ದುಂಡಿಗೆ ಸಮನಾದ ಆಯತ ಅಂದರೆ ಸಮನಾದ ವಿಸ್ತೀರ್ಣ ಅಲ್ಲ. ಚಪ್ಪಟೆಯಾದಷ್ಟೂ ಗಾಳಿಗೆ ತಗಡಿನ ಗೋಡೆ ಜಾಸ್ತಿ ತಾಗುತ್ತದೆ, ತಡೆಯೂ ಜಾಸ್ತಿ. ಅದಕ್ಕೇ ವಿಸ್ತೀರ್ಣ ದೊಡ್ಡದಾಗಬೇಕು. ಸೂತ್ರ ಹೀಗಿದೆ: ಅಗಲ ಮತ್ತು ಎತ್ತರದ ಗುಣಲಬ್ಧಕ್ಕೆ 0.625 ಘಾತ, ಅದನ್ನು ಅಗಲ ಮತ್ತು ಎತ್ತರದ ಮೊತ್ತದ 0.25 ಘಾತದಿಂದ ಭಾಗಿಸಿ, 1.3ರಿಂದ ಗುಣಿಸಿ. ಮೀಟರಿನಲ್ಲಿ ಹಾಕಿದರೆ 1000×300ಕ್ಕೆ 0.574 ಬರುತ್ತದೆ. ನೀವೇ ಒಮ್ಮೆ ಕ್ಯಾಲ್ಕುಲೇಟರಿನಲ್ಲಿ ಹಾಕಿ ನೋಡಿ, ಕೈ ಪಳಗುತ್ತದೆ. ತಗಡಿನ ಖರ್ಚನ್ನೂ ನೋಡಿ. 575 ದುಂಡಿಗೆ ಸುತ್ತಳತೆ 1.8 ಮೀಟರ್. 1000×300ಕ್ಕೆ 2.6 ಮೀಟರ್. ಅದೇ ಗಾಳಿ, ಅದೇ ತಡೆ, ಆದರೆ ತಗಡೂ ಇನ್ಸುಲೇಷನ್ನೂ ಮುಕ್ಕಾಲು ಮೀಟರಿಗಿಂತ ಜಾಸ್ತಿ. ಅಗಲ ಎತ್ತರದ ನಾಲ್ಕು ಪಟ್ಟು ದಾಟದ ಹಾಗೆ ನೋಡಿಕೊಳ್ಳಿ ಅನ್ನುವುದು ಇದಕ್ಕೇ.

ಚಿಕ್ಕ ಡಕ್ಟ್ ಎಷ್ಟು ದುಬಾರಿ ಅಂತ ತಿಳಿಯಲು ಒಂದೇ ಲೆಕ್ಕ ಸಾಕು. ಅದೇ ಗಾಳಿಗೆ ಘರ್ಷಣೆ ಹೆಚ್ಚು ಕಡಿಮೆ ವ್ಯಾಸದ ಐದನೇ ಘಾತದ ವಿಲೋಮ ಲೆಕ್ಕದಲ್ಲಿ ಏರುತ್ತದೆ. ವ್ಯಾಸ 10 ಶೇಕಡಾ ಇಳಿಸಿದರೆ ತಡೆ ಸುಮಾರು 70 ಶೇಕಡಾ ಏರುತ್ತದೆ. ಸೈಟಿನಲ್ಲಿ ಯಾರಾದರೂ ಬಂದು "ಇಲ್ಲಿ ಒಂದು ಐವತ್ತು ಎಂಎಂ ಕಡಿಮೆ ಮಾಡಿ, ಪೈಪ್ ಹೋಗಬೇಕು" ಅಂದಾಗ ಈ ಸಂಖ್ಯೆ ನೆನಪಿರಲಿ.

ಈಗ ಬೆಂಡ್‌ಗೆ ಬರೋಣ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಹೊಸಬರು ಚಾರ್ಟ್ ಹಿಡಿದು ನೇರ ಡಕ್ಟಿನ ಲೆಕ್ಕ ಚೆನ್ನಾಗಿ ಮಾಡುತ್ತಾರೆ, ಬೆಂಡ್ ಬಂದಾಗ "ಹತ್ತು ಪರ್ಸೆಂಟ್ ಸೇರಿಸಿದರೆ ಆಯಿತು" ಅಂತ ಮುಗಿಸುತ್ತಾರೆ. ಅಲ್ಲೇ ಎಲ್ಲ ಕೈ ತಪ್ಪುವುದು. ಓಡುವ ಗಾಳಿಗೆ ತನ್ನದೇ ಒಂದು ಒತ್ತಡ ಇರುತ್ತದೆ. ವೇಗವನ್ನು ವೇಗದಿಂದಲೇ ಗುಣಿಸಿ, 0.6ರಿಂದ ಗುಣಿಸಿದರೆ ಅದು ಪಾಸ್ಕಲಿನಲ್ಲಿ ಸಿಗುತ್ತದೆ. 11.1 ಮೀಟರ್ ವೇಗಕ್ಕೆ 74 ಪಾಸ್ಕಲ್. ಒಳಗೆ ವೇನ್ (ಗಾಳಿ ತಿರುಗಿಸುವ ಬಾಗಿದ ತಗಡು) ಇಲ್ಲದ, ಮೂಲೆ ಚೂಪಾದ 90 ಡಿಗ್ರಿ ಬೆಂಡ್ ಇದರ ಸುಮಾರು 1.2 ಪಟ್ಟು ತಿನ್ನುತ್ತದೆ. ಅಂದರೆ ನಿಮ್ಮ ಮೂಲ ಡ್ರಾಯಿಂಗ್‌ನಲ್ಲಿ ಮೊದಲ ಬೆಂಡ್ ಒಂದರಲ್ಲೇ ಹತ್ತಿರ ಹತ್ತಿರ 90 ಪಾಸ್ಕಲ್ ಹೋಗುತ್ತದೆ. 40 ಮೀಟರ್ ನೇರ ಡಕ್ಟ್ 1 ಪಾಸ್ಕಲ್ ಲೆಕ್ಕದಲ್ಲಿ ತಿನ್ನುವುದು 40. ಒಂದು ಬೆಂಡ್ ಇಡೀ ಡಕ್ಟಿಗೆ ಇಟ್ಟುಕೊಂಡ ಲೆಕ್ಕದ ಎರಡು ಪಟ್ಟು ತಿಂದುಬಿಟ್ಟಿತು, ನೋಡಿದಿರಾ?

ಅದೇ ಬೆಂಡನ್ನು ಒಳ್ಳೆಯ ರೇಡಿಯಸ್ ಕೊಟ್ಟು ಮಾಡಿದರೆ, ಅಥವಾ ಜಾಗ ಇಲ್ಲದ ಕಡೆ ವೇನ್ ಹಾಕಿದರೆ, 1.2 ಇದ್ದದ್ದು ಸುಮಾರು 0.25ಕ್ಕೆ ಇಳಿಯುತ್ತದೆ. 90 ಇದ್ದ ಕಡೆ 20ಕ್ಕೂ ಕಡಿಮೆ. ಉಳಿದ 70 ಪಾಸ್ಕಲ್ ಕರೆಂಟಿನಲ್ಲಿ ಎಷ್ಟು? ಗಾಳಿಯ ಪ್ರಮಾಣವನ್ನು ಒತ್ತಡದಿಂದ ಗುಣಿಸಿ, ಫ್ಯಾನ್ ಮತ್ತು ಮೋಟರ್ ಸೇರಿದ ದಕ್ಷತೆಯಿಂದ ಭಾಗಿಸಿ. 2 ಗುಣಿಸು 70, ಭಾಗಿಸು 0.55. ಸುಮಾರು 255 ವ್ಯಾಟ್. ದಿನಕ್ಕೆ 12 ಗಂಟೆ, ವರ್ಷಕ್ಕೆ 300 ದಿನ ಓಡಿದರೆ 900 ಯೂನಿಟ್ ದಾಟುತ್ತದೆ. ಒಂದೇ ಒಂದು ಬೆಂಡಿಗೆ, ಪ್ರತಿ ವರ್ಷ. ವೇನ್ ಹಾಕಲು ತಗಡು ಕೆಲಸದವರಿಗೆ ಬೇಕಾಗುವುದು ಕೆಲವು ಗಂಟೆ. ಈ ಲೆಕ್ಕವನ್ನು ನಾನು ಎಷ್ಟು ಸಲ ಮಾಡಿದರೂ ಮನಸ್ಸಿಗೆ ನಾಟುತ್ತದೆ.

ಹಾಗಾಗಿ ನನ್ನ ಸಲಹೆ: ಅಳತೆ ಬದಲಿಸುವ ಮೊದಲು ದಾರಿ ಬದಲಿಸಿ. ನಿಮ್ಮ ಏಎಚ್‌ಯು ಗೋಡೆಯ ನಡುವೆ ಇದೆ. ಎಲ್ಲ ಗಾಳಿಯನ್ನು ಎಡಕ್ಕೆ ಒಯ್ದು ಸುತ್ತಿ ಬಲಕ್ಕೆ ತರುವುದು ಯಾಕೆ? ಏಎಚ್‌ಯು ಹತ್ತಿರವೇ ಎರಡಾಗಿ ಒಡೆಯಿರಿ. ಎಡಕ್ಕೆ 1000 ಲೀಟರ್, ಬಲಕ್ಕೆ 1000 ಲೀಟರ್, ಒಂದೊಂದರಲ್ಲಿ ಐದು ಡಿಫ್ಯೂಸರ್. ಪ್ರತಿ ದಾರಿ ಸುಮಾರು 20 ಮೀಟರ್, ಎರಡು ಬೆಂಡ್. ಈಗ ನಿಮ್ಮ ಹಿರಿಯರ 600×300 ಸರಿಯಾಗಿ ಕೂರುತ್ತದೆ. ವೇಗ 5.6 ಮೀಟರ್, ಘರ್ಷಣೆ ಮೀಟರಿಗೆ 0.85 ಪಾಸ್ಕಲ್ ಆಸುಪಾಸು. 20 ಮೀಟರಿಗೆ 17 ಪಾಸ್ಕಲ್. ರೇಡಿಯಸ್ ಬೆಂಡ್ ಎರಡಕ್ಕೆ 10. ಒಟ್ಟು 27. ಮೂಲ ದಾರಿಯಲ್ಲಿ ಅದೇ ಮೂರು ಪಾಸ್ಕಲ್ ದರದಲ್ಲಿ ಹೋಗಿದ್ದರೆ ನೇರ ಭಾಗಕ್ಕೇ 120 ದಾಟುತ್ತಿತ್ತು, ಅದರ ಮೇಲೆ ಬೆಂಡ್‌ಗಳು ಬೇರೆ. ಒಡೆಯುವ ಜಾಗದಲ್ಲೂ ಸುಮ್ನೆ ಟಿ ಆಕಾರದ ಪೆಟ್ಟಿಗೆ ಇಡಬೇಡಿ. ಎರಡು ಬೆಂಡ್ ಬೆನ್ನಿಗೆ ಬೆನ್ನು ಕೂಡಿಸಿದ ಹಾಗೆ, ನಡುವೆ ಗಾಳಿಯನ್ನು ಸೀಳುವ ತಗಡು ಇರಲಿ.

ಸದ್ದಿನ ವಿಷಯವೂ ಇಲ್ಲೇ ಬಗೆಹರಿಯುತ್ತದೆ. ವೇಗ 11.1ರಿಂದ 5.6ಕ್ಕೆ, ಅಂದರೆ ಅರ್ಧಕ್ಕೆ ಇಳಿಯಿತು. ಡಕ್ಟ್, ಬೆಂಡ್, ಡ್ಯಾಂಪರ್‌ಗಳಲ್ಲಿ (ಗಾಳಿ ಹೆಚ್ಚು ಕಡಿಮೆ ಮಾಡುವ ಮುಚ್ಚಳ) ಗಾಳಿಯಿಂದಲೇ ಹುಟ್ಟುವ ಸದ್ದು ವೇಗ ಅರ್ಧವಾದಾಗ ಸುಮಾರು 15ರಿಂದ 18 ಡೆಸಿಬಲ್ ಇಳಿಯುತ್ತದೆ. 10 ಡೆಸಿಬಲ್ ಇಳಿದರೇ ಕಿವಿಗೆ ಸದ್ದು ಅರ್ಧ ಆದ ಹಾಗೆ ಕೇಳುತ್ತದೆ. ಜನ ಕೂತು ಕೆಲಸ ಮಾಡುವ ಜಾಗದ ಮೇಲೆ ಮುಖ್ಯ ಡಕ್ಟಿನಲ್ಲಿ 7.5 ಮೀಟರ್ ದಾಟಲು ನಾನು ಬಿಡುವುದಿಲ್ಲ. ಕವಲುಗಳಲ್ಲಿ 4ರಿಂದ 5. ಡಿಫ್ಯೂಸರಿನ ಕುತ್ತಿಗೆಯಲ್ಲಿ 3ಕ್ಕಿಂತ ಕಡಿಮೆ.

ಆ ಕುತ್ತಿಗೆಯ ಲೆಕ್ಕ ನಿಮ್ಮಲ್ಲಿ ಸ್ವಲ್ಪ ಸಿಕ್ಕು ಮಾಡುತ್ತದೆ. ಪ್ರತಿ ಡಿಫ್ಯೂಸರಿನ 200 ಲೀಟರಿಗೆ ಘರ್ಷಣೆ ನೋಡಿದರೆ 250 ದುಂಡು ಸಾಕು, ವೇಗ 4.1. ಕವಲಿಗೆ ಸರಿ, ಡಿಫ್ಯೂಸರ್ ಬಾಯಿಗೆ ಜಾಸ್ತಿ. ಅಲ್ಲಿ 300 ಬೇಕು, ಆಗ 2.8. ಆದರೆ 300 ಎತ್ತರದ ಮುಖ್ಯ ಡಕ್ಟಿನ ಬದಿಗೆ 300 ದುಂಡು ಕಾಲರ್ (ಕವಲು ಜೋಡಿಸುವ ಬಳೆ) ಕೂರುವುದಿಲ್ಲ, ಸುತ್ತ ತಗಡೇ ಉಳಿಯುವುದಿಲ್ಲ ಅಲ್ವಾ? ಅದಕ್ಕೆ ಮುಖ್ಯ ಡಕ್ಟಿನಿಂದ 250 ತೆಗೆಯಿರಿ, ಡಿಫ್ಯೂಸರ್ ಮೇಲೆ ಪ್ಲೀನಮ್ ಪೆಟ್ಟಿಗೆ ಇಟ್ಟು ಅದರಿಂದ ಕೆಳಕ್ಕೆ 300 ಕುತ್ತಿಗೆ ಕೊಡಿ. ಪೆಟ್ಟಿಗೆಯಲ್ಲಿ ಗಾಳಿ ನಿಧಾನವಾಗಿ, ನಾಲ್ಕೂ ಕಡೆ ಸಮವಾಗಿ ಇಳಿಯುತ್ತದೆ. ಕವಲು ಹೊರಡುವ ಕಡೆ ನೇರ ತೂತಿಗಿಂತ 45 ಡಿಗ್ರಿ ಇಳಿಜಾರಿನ ಶೂ ಟ್ಯಾಪ್ ಒಳ್ಳೆಯದು.

ಮುಖ್ಯ ಡಕ್ಟನ್ನು ಪ್ರತಿ ಕವಲಿನ ನಂತರ ಕಿರಿದು ಮಾಡಬೇಡಿ. ಚಾರ್ಟ್ ಹಾಗೆ ಹೇಳುತ್ತದೆ, ನಿಜ. ಆದರೆ ಒಂದೊಂದು ರೆಡ್ಯೂಸರ್ ಒಂದು ಕೆಲಸ, ಒಂದು ಜಾಯಿಂಟ್, ಸೋರುವ ಒಂದು ಜಾಗ. ನಾನಾದರೆ ಮೊದಲ ಎರಡು ಕವಲು ಮುಗಿಯುವವರೆಗೆ 600×300, ಆಮೇಲೆ ಕೊನೆಯವರೆಗೆ 400×300 ಇಡುತ್ತೇನೆ. 400×300ರಲ್ಲಿ 600 ಲೀಟರಿಗೆ ವೇಗ 5, ಮುಂದೆ 3.3, ಕೊನೆಗೆ 1.7. ಎತ್ತರ ಒಂದೇ ಇರುವುದರಿಂದ ಹ್ಯಾಂಗರ್ ಮಟ್ಟವೂ ಒಂದೇ, ಹುಡುಗರಿಗೆ ಕಟ್ಟುವುದು ಸುಲಭ.

ಇನ್ನು ಕೊನೆಯ ಡಿಫ್ಯೂಸರಿಗೆ ಗಾಳಿ ಬಾರದ ಕಥೆ. ಇದರಲ್ಲಿ ಜನ ನಂಬಲು ಹಿಂಜರಿಯುವ ಒಂದು ಸಂಗತಿ ಇದೆ. ಗಾಳಿ ನಿಧಾನವಾದಾಗ ಅದರ ಓಟದ ಒತ್ತಡ ಪೂರ್ತಿ ಹಾಳಾಗುವುದಿಲ್ಲ. ಬಹುಪಾಲು ಸ್ಟ್ಯಾಟಿಕ್ ಒತ್ತಡವಾಗಿ (ಡಕ್ಟಿನ ಗೋಡೆಯನ್ನು ತಳ್ಳುವ ಒತ್ತಡ) ವಾಪಸ್ ಬರುತ್ತದೆ. ಗಿಡ್ಡ ಡಕ್ಟ್, ಒಂದೇ ಅಳತೆ, ಶುರುವಿನಲ್ಲಿ ವೇಗ ಜಾಸ್ತಿ ಇದ್ದರೆ ಕೊನೆಯ ಡಿಫ್ಯೂಸರಿಗೇ ಹೆಚ್ಚು ಗಾಳಿ ಬರುತ್ತದೆ, ಮೊದಲನೆಯದು ಸೊರಗುತ್ತದೆ. ಉದ್ದ ಡಕ್ಟ್, ತುಂಬ ಬೆಂಡ್ ಇದ್ದರೆ ಘರ್ಷಣೆ ಗೆಲ್ಲುತ್ತದೆ, ಕೊನೆಯದು ಸೊರಗುತ್ತದೆ. ನಿಮ್ಮ ಹಿಂದಿನ ಕೆಲಸ ಎರಡನೆಯ ಜಾತಿಯದು. ಎಲ್ಲ ಕಡೆ ಮೀಟರಿಗೆ ಒಂದೇ ಘರ್ಷಣೆ ಇಟ್ಟರೆ ಎಲ್ಲ ದಾರಿಯ ಒಟ್ಟು ತಡೆ ಒಂದೇ ಆಗುವುದಿಲ್ಲ. ಹತ್ತಿರದ ದಾರಿ ಗಿಡ್ಡ, ಅಲ್ಲಿ ತಡೆ ಕಡಿಮೆ, ಗಾಳಿ ಅಲ್ಲೇ ನುಗ್ಗುತ್ತದೆ. ಅದಕ್ಕೆ ಶಿಳ್ಳೆ. ದೂರಕ್ಕೆ ಉಳಿಯುವುದೇ ಇಲ್ಲ.

ಪರಿಹಾರ ಮೂರು ಕಡೆ ಇದೆ. ದಾರಿಗಳನ್ನು ಆದಷ್ಟು ಒಂದೇ ಉದ್ದ ಮಾಡುವುದು ಮೊದಲನೆಯದು. ಎರಡಾಗಿ ಒಡೆದಾಗ ಅದು ಅರ್ಧ ಆಗಿಹೋಯಿತು. ಎರಡನೆಯದು, ಮುಖ್ಯ ಡಕ್ಟಿನಲ್ಲಿ ತಡೆ ಕಡಿಮೆ ಇಡುವುದು. ಆಗ ಹತ್ತಿರಕ್ಕೂ ದೂರಕ್ಕೂ ಅಂತರ ತಾನೇ ಕಡಿಮೆಯಾಗುತ್ತದೆ. ನಿಮ್ಮದರಲ್ಲಿ ಈಗ ಅದು 20 ಪಾಸ್ಕಲ್ ಒಳಗೆ. ಮೂರನೆಯದು, ಪ್ರತಿ ಕವಲಿಗೂ ಡ್ಯಾಂಪರ್. ಅದು ಮುಖ್ಯ ಡಕ್ಟಿನ ಹತ್ತಿರ, ಕವಲಿನ ಶುರುವಿನಲ್ಲಿ ಇರಬೇಕು. ಡಿಫ್ಯೂಸರಿನ ಕುತ್ತಿಗೆಯಲ್ಲೇ ಇದ್ದು ಅದನ್ನು ಮುಚ್ಚಿದರೆ ಶಿಳ್ಳೆ ನೇರವಾಗಿ ಮೇಜಿನ ಮೇಲೆ ಇಳಿಯುತ್ತದೆ.

ಫ್ಯಾನ್ ವೇಗ ಏರಿಸಿ ಕೊನೆಗೆ ಗಾಳಿ ತಲುಪಿಸೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಅದೇ ಡಕ್ಟಿನಲ್ಲಿ ಗಾಳಿ 10 ಶೇಕಡಾ ಏರಿಸಲು ಒತ್ತಡ 21 ಶೇಕಡಾ, ಶಕ್ತಿ 33 ಶೇಕಡಾ ಏರಬೇಕು. ಹೆಚ್ಚಾದ ಗಾಳಿಯಲ್ಲಿ ಬಹುಪಾಲು ಮತ್ತೆ ಹತ್ತಿರದ ಡಿಫ್ಯೂಸರಿಗೇ ಹೋಗುತ್ತದೆ.

ಫ್ಲೆಕ್ಸಿಬಲ್ ಡಕ್ಟಿನ (ಬಾಗುವ ಮೆತ್ತನೆಯ ಕೊಳವೆ) ಬಗ್ಗೆ ನನ್ನದೇ ಅನುಭವ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮೀಟಿಂಗ್ ರೂಮಿಗೆ ಗಾಳಿ ಬರಲಿಲ್ಲ. ನಾನು ಎರಡು ದಿನ ಲೆಕ್ಕ ತಿದ್ದಿದೆ. ಲೆಕ್ಕ ಸರಿ ಇತ್ತು. ಕೊನೆಗೆ ಸೀಲಿಂಗ್ ಹಲಗೆ ಎತ್ತಿ ನೋಡಿದರೆ ಒಂದೂವರೆ ಮೀಟರ್ ಬೇಕಾದ ಕಡೆ ನಾಲ್ಕು ಮೀಟರ್ ಫ್ಲೆಕ್ಸಿಬಲ್ ತುರುಕಿದ್ದರು. ಅದು ಕೇಬಲ್ ಟ್ರೇ ಮೇಲೆ ಹತ್ತಿ, ಮಡಿಚಿ, ಇಳಿದಿತ್ತು. ಕತ್ತರಿಸಿ ಎಳೆದು ಕಟ್ಟಿದ ಮೇಲೆ ಗಾಳಿ ಬಂತು. ಫ್ಲೆಕ್ಸಿಬಲ್ ಪೂರ್ತಿ ಎಳೆದಿದ್ದರೆ ಪರವಾಗಿಲ್ಲ, ಮುದುಡಿದರೆ ಅದರ ತಡೆ ಹಲವು ಪಟ್ಟು ಆಗಬಹುದು. ಉದ್ದ ಒಂದೂವರೆ ಮೀಟರ್ ದಾಟಬಾರದು ಅಂತ ಡ್ರಾಯಿಂಗಿನಲ್ಲೇ ಬರೆಯಿರಿ. ಬಾಯಿಮಾತು ಸಾಲದು.

ಇನ್ಸುಲೇಷನ್ ಹೊರಗಾ, ಒಳಗಾ ಅಂತ ಈಗಲೇ ಕೇಳಿ ಖಚಿತ ಮಾಡಿಕೊಳ್ಳಿ. ಸದ್ದು ತಗ್ಗಿಸಲು ಒಳಗೆ 25 ಮಿ.ಮೀ. ಲೈನಿಂಗ್ ಹಾಕಿದರೆ 600×300 ಅನ್ನುವುದು ಒಳಗೆ 550×250 ಆಗುತ್ತದೆ. ವಿಸ್ತೀರ್ಣದಲ್ಲಿ ಕಾಲು ಭಾಗ ಹೋದ ಹಾಗೆ ಕಾಣುತ್ತದೆ, ಆದರೆ ಘರ್ಷಣೆ ಎರಡು ಪಟ್ಟು ಆಗುತ್ತದೆ. ಲೈನಿಂಗ್‌ನ ಒರಟುತನ ಬೇರೆ. ಡ್ರಾಯಿಂಗಿನ ಅಳತೆ ಒಳಗಿನ ಅಳತೆ ಅಂತ ಒಂದು ಸಾಲು ಬರೆದರೆ ಈ ಗೊಂದಲ ಇರುವುದಿಲ್ಲ.

ಫ್ಯಾನಿನ ಬಾಯಿಯ ಹತ್ತಿರ ಇನ್ನೊಂದು ಎಚ್ಚರಿಕೆ. ಫ್ಯಾನಿನಿಂದ ಹೊರಬರುವ ಗಾಳಿ ಒಂದು ಪಕ್ಕಕ್ಕೆ ರಭಸವಾಗಿ, ಇನ್ನೊಂದು ಪಕ್ಕಕ್ಕೆ ಮಂದವಾಗಿ ಇರುತ್ತದೆ. ಅದು ಸಮವಾಗಲು ಬಾಯಿಯ ವ್ಯಾಸದ ಎರಡೂವರೆ ಪಟ್ಟು ನೇರ ಡಕ್ಟ್ ಬೇಕು. ಅಲ್ಲೇ ಬೆಂಡ್ ಕೊಟ್ಟರೆ ಫ್ಯಾನ್ ಕ್ಯಾಟಲಾಗಿನಲ್ಲಿ ಇರುವಷ್ಟು ಗಾಳಿ ಕೊಡುವುದಿಲ್ಲ. ನಿಮ್ಮ ಒಡೆಯುವ ಜಾಗವನ್ನು ಇದನ್ನು ಬಿಟ್ಟು ಮುಂದೆ ಇಡಿ. ಏಎಚ್‌ಯು ರೂಮು ಚಿಕ್ಕದಾಗಿದ್ದರೆ ಏಎಚ್‌ಯು ಅನ್ನೇ ಸ್ವಲ್ಪ ಹಿಂದಕ್ಕೆ ಸರಿಸಬಹುದಾ ಅಂತ ಕೇಳಿ.

ಫ್ಯಾನ್ ಆರಿಸುವಾಗ ಡಕ್ಟಿನ 27 ಮಾತ್ರ ಕೊಡಬೇಡಿ. ಒಡೆಯುವ ಜಾಗ, ಕವಲು, ಡ್ಯಾಂಪರ್, ಡಿಫ್ಯೂಸರ್, ಕಾಯಿಲ್ (ಗಾಳಿ ತಂಪು ಮಾಡುವ ಸುರುಳಿ), ವಾಪಸ್ ಗಾಳಿಯ ದಾರಿ ಎಲ್ಲ ಸೇರಬೇಕು. ಫಿಲ್ಟರ್ ಹೊಸದಿದ್ದಾಗಿನ ಸಂಖ್ಯೆ ಅಲ್ಲ, ಬದಲಿಸುವ ಹೊತ್ತಿಗೆ ಕೊಳಕಾಗಿದ್ದಾಗಿನ ಸಂಖ್ಯೆ ತೆಗೆದುಕೊಳ್ಳಿ. ಇದನ್ನೆಲ್ಲ ಅತಿ ಹೆಚ್ಚು ತಡೆ ಇರುವ ಒಂದೇ ದಾರಿಗೆ ಕೂಡಿಸಬೇಕು, ಎಲ್ಲ ಕವಲುಗಳನ್ನೂ ಸೇರಿಸಿ ಕೂಡಿಸಬಾರದು. ಈ ತಪ್ಪನ್ನು ಅನುಭವಸ್ಥರೂ ಮಾಡಿದ್ದು ನೋಡಿದ್ದೇನೆ. ಫ್ಯಾನ್ ಬೇಕಾದ್ದಕ್ಕಿಂತ ದೊಡ್ಡದು ಬರುತ್ತದೆ, ಆಮೇಲೆ ಡ್ಯಾಂಪರ್ ಮುಚ್ಚಿ ಆ ಒತ್ತಡವನ್ನೆಲ್ಲ ಸುಮ್ನೆ ಕಳೆಯಬೇಕಾಗುತ್ತದೆ.

ಬ್ಯಾಲೆನ್ಸಿಂಗ್ (ಪ್ರತಿ ಡಿಫ್ಯೂಸರಿಗೂ ಬೇಕಾದಷ್ಟು ಗಾಳಿ ಹೊಂದಿಸುವುದು) ಮಾಡುವಾಗ ಎಲ್ಲ ಡ್ಯಾಂಪರ್ ಪೂರ್ತಿ ತೆರೆದು ಶುರು ಮಾಡಿ. ಪ್ರತಿ ಡಿಫ್ಯೂಸರಿನ ಗಾಳಿ ಅಳೆಯಿರಿ. ಬೇಕಾದ್ದರಲ್ಲಿ ಎಷ್ಟು ಭಾಗ ಬಂತು ಅಂತ ಬರೆಯಿರಿ. ಅತಿ ಕಡಿಮೆ ಭಾಗ ಬಂದದ್ದನ್ನು ಮುಟ್ಟಬೇಡಿ. ಉಳಿದವನ್ನು ಸ್ವಲ್ಪ ಸ್ವಲ್ಪವೇ ಮುಚ್ಚುತ್ತ ಅದರ ಮಟ್ಟಕ್ಕೆ ತನ್ನಿ. ಎಲ್ಲ ಒಂದೇ ಭಾಗಕ್ಕೆ ಬಂದ ಮೇಲೆ ಫ್ಯಾನ್ ವೇಗ ತಿದ್ದಿ ಒಟ್ಟನ್ನು 2000ಕ್ಕೆ ಕೂರಿಸಿ. ಎಡ ಬಲ ಎರಡೂ ಡಕ್ಟಿಗೆ ಒಂದೊಂದು ಮುಖ್ಯ ಡ್ಯಾಂಪರ್ ಇದ್ದರೆ ಈ ಕೆಲಸ ಅರ್ಧ ದಿನದಲ್ಲಿ ಮುಗಿಯುತ್ತದೆ.

ಇದಕ್ಕಾಗಿ ಒಂದು ಸಣ್ಣ ವಿಷಯ ಈಗಲೇ ಡ್ರಾಯಿಂಗಿನಲ್ಲಿ ಸೇರಿಸಿ: ಎರಡೂ ಮುಖ್ಯ ಡಕ್ಟಿನ ನೇರ ಭಾಗದಲ್ಲಿ, ಬೆಂಡ್‌ನಿಂದ ಆದಷ್ಟು ದೂರ, ಅಳೆಯಲು ಮುಚ್ಚಳ ಇರುವ ತೂತುಗಳು. ಅದರ ಕೆಳಗೆ ಸೀಲಿಂಗಿನಲ್ಲಿ ತೆಗೆಯಬಹುದಾದ ಹಲಗೆ. ಇನ್ಸುಲೇಷನ್ ಸುತ್ತಿ ಸೀಲಿಂಗ್ ಮುಚ್ಚಿದ ಮೇಲೆ ಆ ತೂತು ಕೊರೆಯಲು ಯಾರೂ ಬಿಡುವುದಿಲ್ಲ.